ಭವಿಷ್ಯನಿಧಿಯೂ ವಿಶ್ರಾಂತಿವೇತನವೂ: ರಾಮನಗರ ಸೀಮೆಯ ದುಡಿಮೆಗಾರರನ್ನು ಕುರಿತು

ಕಾರ್ಖಾನೆಯ ಸಂಬಳದಿಂದ ತಿಂಗಳು ತಿಂಗಳೂ ಹಿಡಿಯಲಾಗುವ ಹಣಕ್ಕೆ ಜನರು ‘ಪಿ.ಎಫ್.’ ಎಂಬ ಒಂದೇ ಹೆಸರನ್ನು ಬಳಸುತ್ತಾರೆ. ವಸ್ತುತಃ ಆ ಹೆಸರಿನೊಳಗೆ ಸ್ವಭಾವದಲ್ಲಿ ತೀರ ಭಿನ್ನವಾದ ಎರಡು ವ್ಯವಸ್ಥೆಗಳು ಅಡಗಿವೆ. ಒಂದು ಭವಿಷ್ಯನಿಧಿ, ಇನ್ನೊಂದು ವಿಶ್ರಾಂತಿವೇತನ. ಈ ಭೇದವನ್ನರಿಯದೆ ಕಾರ್ಮಿಕರು ಅನುಭವಿಸುವ ನಷ್ಟ ಅಲ್ಪವಾದುದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೊಳಗೊಂಡು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ಸೀಮೆ ಈ ಪರಿಶೀಲನೆಗೆ ತಕ್ಕ ಕ್ಷೇತ್ರವಾಗಿದೆ. ಬಿಡದಿಯ ಮೋಟಾರು ಕಾರ್ಖಾನೆ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ, ಸಿದ್ಧ ಉಡುಪಿನ ಕಾರ್ಖಾನೆಗಳು ಒಂದು ಕಡೆ. ರೇಷ್ಮೆ ನೂಲು ಬಿಚ್ಚುವ ಚಿಕ್ಕ ಘಟಕಗಳೂ ಬೊಂಬೆ ಕಡೆಯುವ ಮನೆಗಳೂ ಇನ್ನೊಂದು ಕಡೆ.

ಭವಿಷ್ಯನಿಧಿಯ ಶಾಸನ 1952ರದು. ಸಾಮಾನ್ಯವಾಗಿ ಕಾರ್ಮಿಕನು ಮೂಲವೇತನ ಮತ್ತು ತುಟ್ಟಿಭತ್ಯದ ಶೇಕಡಾ 12ರಷ್ಟನ್ನು ಕೊಡುತ್ತಾನೆ. ಮಾಲಿಕನೂ ಅಷ್ಟನ್ನೇ ಸೇರಿಸಬೇಕು. ಕಾರ್ಮಿಕನ ವಂತಿಗೆಯೆಲ್ಲ ಭವಿಷ್ಯನಿಧಿಗೆ ಹೋಗುತ್ತದೆ. ಮಾಲಿಕನ ವಂತಿಗೆಯಲ್ಲಿ ಶೇಕಡಾ 8.33 ಭಾಗ ವಿಶ್ರಾಂತಿವೇತನದ ನಿಧಿಗೆ ಸಲ್ಲುತ್ತದೆ. ಇದಕ್ಕೆ ಲೆಕ್ಕ ಹಿಡಿಯುವ ವೇತನದ ಮಿತಿಯನ್ನು 2014ರ ಸೆಪ್ಟೆಂಬರಿನಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಭವಿಷ್ಯನಿಧಿ ಕಾರ್ಮಿಕನ ಸ್ವಂತ ಗಂಟು, ಬಡ್ಡಿಯೊಡನೆ ಬೆಳೆಯುತ್ತದೆ. ವಿಶ್ರಾಂತಿವೇತನವಾದರೋ ಗಂಟಲ್ಲ, ಒಂದು ಹಕ್ಕು. ಅದನ್ನು ಅಳೆಯುವುದು ಹಣದಿಂದ ಮಾತ್ರವಲ್ಲ, ಸೇವೆಯ ವರ್ಷಗಳಿಂದ.

1995ರ ನವೆಂಬರ್ 16ರಂದು ಜಾರಿಗೆ ಬಂದ ಯೋಜನೆಯ ಪ್ರಕಾರ, ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ಮಾಸಿಕ ವಿಶ್ರಾಂತಿವೇತನ. ವೇತನ 14,000 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಒಂದೊಂದು ವರ್ಷದ ಸೇವೆಯೂ ತಿಂಗಳಿಗೆ 200 ರೂಪಾಯಿಯಂತೆ ಬೆಳೆಯುತ್ತದೆ: 10 ವರ್ಷಕ್ಕೆ 2,000, 15 ವರ್ಷಕ್ಕೆ 3,000. ಆದರೆ 58ನೆಯ ವಯಸ್ಸಿನಲ್ಲಿ ಇದು ದೊರೆಯಬೇಕಾದರೆ ಕನಿಷ್ಠ 10 ವರ್ಷದ ಸೇವೆ ಇರಲೇಬೇಕು.

ಉಡುಪಿನ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಒಂದು ಕಡೆ 4 ವರ್ಷ, ಇನ್ನೊಂದು ಕಡೆ 5, ಮತ್ತೊಂದು ಕಡೆ 6 ವರ್ಷ ದುಡಿದಳೆನ್ನೋಣ. ಕೆಲಸ ಬಿಟ್ಟಾಗಲೆಲ್ಲ ಆಕೆ ಎರಡು ನಿಧಿಗಳ ಹಣವನ್ನೂ ಹಿಂಪಡೆದರೆ, ಪ್ರತಿಸಲವೂ ಸೇವೆಯ ಲೆಕ್ಕ ಅಳಿಸಿಹೋಗುತ್ತದೆ. ಹದಿನೈದು ವರ್ಷ ದುಡಿದೂ ಆಕೆಗೆ ಕಾಸೂ ವಿಶ್ರಾಂತಿವೇತನವಿಲ್ಲ. ಭವಿಷ್ಯನಿಧಿಯ ಹಣವನ್ನಷ್ಟೇ ತೆಗೆದು, ವಿಶ್ರಾಂತಿವೇತನದ ಸೇವೆಗೆ ಯೋಜನಾ ಪ್ರಮಾಣಪತ್ರ ಪಡೆದು ಮುಂದಿನ ಕೆಲಸಕ್ಕೆ ಸೇರಿಸಿದ್ದರೆ ತಿಂಗಳಿಗೆ 3,000 ರೂಪಾಯಿ ಬರುತ್ತಿತ್ತು. ಬೆಲೆಗಳೊಡನೆ ಏರದ ಈ ಮೊತ್ತ ಉದಾರವಾದುದೆಂದು ಯಾರೂ ಹೇಳಲಾರರು. 2014ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತವಂತೂ 1,000 ರೂಪಾಯಿ ಮಾತ್ರ. ಆದರೂ ಸಾಯುವವರೆಗೆ ಬರುವ ಹಣ.

ಹಣ ಹಿಂಪಡೆಯುವುದನ್ನು ಅವಿವೇಕವೆಂದು ತಳ್ಳಿಹಾಕುವುದೂ ಸರಿಯಲ್ಲ. ಮಾಲಿಕನ ವಂತಿಗೆಯನ್ನು 58ನೆಯ ವಯಸ್ಸಿನವರೆಗೆ ತೆಗೆಯಕೂಡದೆಂದು 2016ರ ಫೆಬ್ರವರಿಯಲ್ಲಿ ನಿಯಮ ಹೊರಟಾಗ, ಏಪ್ರಿಲ್ 18 ಮತ್ತು 19ರಂದು ಸಹಸ್ರಾರು ಉಡುಪು ಕಾರ್ಮಿಕರು, ಬಹುಮಟ್ಟಿಗೆ ಹೆಂಗಸರು, ಬೆಂಗಳೂರಿನ ಬೀದಿಗಿಳಿದರು. 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ವೃದ್ಧಾಪ್ಯದ ಉಳಿತಾಯ ವೃದ್ಧಾಪ್ಯಕ್ಕೇ ಇರಲಿ ಎಂಬ ಅರ್ಥಶಾಸ್ತ್ರದ ವಾದ ತಪ್ಪಲ್ಲ. ಆದರೆ ಹೊಲಿಗೆಯ ಕೆಲಸ 58ರವರೆಗೆ ಯಾರಿಗೆ ಉಳಿಯುತ್ತದೆ? ಮಗುವಿನ ಶಾಲೆಯ ಶುಲ್ಕಕ್ಕೂ ಮನೆಯ ಕಾಯಿಲೆಗೂ ಆ ಗಂಟೇ ಆಧಾರ.

ಹಿಡಿದ ಹಣ ಜಮೆಯಾಗದಿರುವುದು ಬೇರೆ ಬಗೆಯ ಅಪಾಯ. ಸಂಬಳದಿಂದ ವಂತಿಗೆಯನ್ನು ಮುರಿದುಕೊಂಡು ನಿಧಿಗೆ ಕಟ್ಟದಿದ್ದರೆ ಅದು ದಂಡನಾರ್ಹ ನಂಬಿಕೆದ್ರೋಹ; ಹಳೆಯ ದಂಡಸಂಹಿತೆಯಲ್ಲಿದ್ದ ಈ ವಿವರಣೆ 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದಿದೆ. ಸಂಬಳದ ಚೀಟಿ ತೋರಿಸುವುದು ಮುರಿತವನ್ನು ಮಾತ್ರ. ಜಮೆಯನ್ನು ತೋರಿಸುವುದು ಪಾಸ್‌ಬುಕ್. 2014ರಲ್ಲಿ ಬಂದ ಸಾರ್ವತ್ರಿಕ ಖಾತೆಸಂಖ್ಯೆಯ ನಿಜವಾದ ಪ್ರಯೋಜನವೆಂದರೆ, ಇವೆರಡನ್ನೂ ಕಾರ್ಮಿಕನೇ ಹೋಲಿಸಿ ನೋಡಬಹುದಾಗಿದೆ.

ಇಷ್ಟೆಲ್ಲ ರಕ್ಷಣೆ ಇರುವುದು ಎಲ್ಲೆಯ ಒಳಗಿರುವವರಿಗೆ. 1952ರ ಕಾಯಿದೆ ಮೊದಲು ಅನ್ವಯಿಸಿದ ಆರು ಕೈಗಾರಿಕೆಗಳಲ್ಲಿ ಜವಳಿಯೂ ಒಂದು. ರೇಷ್ಮೆಯ ಹೆಸರು ಅದರಲ್ಲಿಯೇ ಇತ್ತು. ಆಗ 50 ಜನ ಕೆಲಸಗಾರರಿರಬೇಕಿತ್ತು. 1960ರಲ್ಲಿ ಅದನ್ನು 20ಕ್ಕೆ ಇಳಿಸಲಾಯಿತು. 2025ರ ನವೆಂಬರ್ 21ರಂದು ಜಾರಿಗೊಂಡ ಸಾಮಾಜಿಕ ಭದ್ರತಾ ಸಂಹಿತೆಯೂ 20ನ್ನೇ ಉಳಿಸಿಕೊಂಡಿದೆ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಗೂಡು ಕೊಂಡೊಯ್ಯುವ ಚರಕ ಮತ್ತು ಕಾಟೇಜ್ ಬೇಸಿನ್ ಘಟಕಗಳಲ್ಲಿ ಅಷ್ಟು ಜನರಿರುವುದು ವಿರಳ. ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹಿಡಿಯುವಾಕೆಗೂ, ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು ಅರಗಿನ ಬಣ್ಣ ಹಚ್ಚುವಾತನಿಗೂ ವಂತಿಗೆ ಕೂಡಿಸುವ ಮಾಲಿಕನೇ ಇಲ್ಲ. ಇಂಥವರಿಗಾಗಿ 2015ರಲ್ಲಿ ಅಟಲ್ ಪಿಂಚಣಿ ಯೋಜನೆಯೂ 2019ರಲ್ಲಿ ಶ್ರಮಯೋಗಿ ಮಾನ್‌ಧನ್ ಯೋಜನೆಯೂ ಬಂದವು. ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಅವು ಬರುವ ವೇಳೆಗೆ ನಲವತ್ತು ದಾಟಿದ್ದ ನೂಲು ಬಿಚ್ಚುವವರಿಗೆ ಉಳಿದಿರುವುದು ಸರ್ಕಾರದ ವೃದ್ಧಾಪ್ಯವೇತನ ಮಾತ್ರ.