ದವಾಖಾನೆಯ ವಿಚಾರದಲ್ಲಿ ನಮ್ಮ ಮಾತು

ದವಾಖಾನೆ ಎಲ್ಲಿರಬೇಕು, ಎಷ್ಟು ಹೊತ್ತಿಗೆ ಅದರ ಬಾಗಿಲು ತೆರೆಯಬೇಕು, ಅಲ್ಲಿ ಯಾವ ಸೌಕರ್ಯ ಹೆಚ್ಚಬೇಕು ಎಂಬುದನ್ನು ಮೇಲಿನವರು ನಿರ್ಧರಿಸಿ ಕೆಳಗಿನವರಿಗೆ ತಿಳಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಆದರೆ ನಿಯಮಗಳು ಬೇರೆಯನ್ನೇ ಹೇಳುತ್ತವೆ. 1978ರಲ್ಲಿ ಆಲ್ಮಾ-ಆಟಾದಲ್ಲಿ ಕೂಡಿದ ರಾಷ್ಟ್ರಗಳು ತಮ್ಮ ಆರೋಗ್ಯಸೇವೆಯ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಒಪ್ಪಿದವು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಹಳ್ಳಿಗೊಂದು ಆರೋಗ್ಯ ಸಮಿತಿ, ಆಸ್ಪತ್ರೆಗೊಂದು ರುಗ್ಣ ಕಲ್ಯಾಣ ಸಮಿತಿ ಎಂಬ ಏರ್ಪಾಡಾಯಿತು. ಹಳ್ಳಿಯ ಸಮಿತಿಯ ಕೈಗೆ ವರ್ಷಕ್ಕೆ 10,000 ರೂಪಾಯಿವರೆಗೆ ಹಣ ಕೊಡುವ ಗೊತ್ತುಪಾಡೂ ಇತ್ತು.

2007ರಿಂದ ಮಹಾರಾಷ್ಟ್ರದ ಪುಣೆ, ಠಾಣೆ, ಅಮರಾವತಿ, ನಂದುರಬಾರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಊರವರೇ ಕುಳಿತು ತಮ್ಮ ದವಾಖಾನೆಗೆ ಅಂಕ ಕೊಟ್ಟರು. ಚೆನ್ನಾಗಿದ್ದುದಕ್ಕೆ ಹಸಿರು, ಸುಮಾರಾದುದಕ್ಕೆ ಹಳದಿ, ಕೆಟ್ಟುದಕ್ಕೆ ಕೆಂಪು. ಆಮೇಲೆ ಜನಸುನಾವಣಿಯಲ್ಲಿ ಅಧಿಕಾರಿಗಳ ಎದುರಿಗೇ ಆ ಹಾಳೆಯನ್ನು ಓದಿ ಉತ್ತರ ಕೇಳಿದರು. ಮಕ್ಕಳಿಗೆ ಅಂಕ ಕೊಟ್ಟು ತಲೆ ನರೆತ ನಮಗೆ ಈ ಪದ್ಧತಿ ಬಹಳ ಹಿಡಿಸಿತೆಂದು ಹೇಳಿದರೆ ಓದುಗರು ನಗಬಾರದು.

ಕುರುಂದವಾಡ, ಶಿರೋಳ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಮನೆಗಳಿಗೆ ಇದರಲ್ಲಿ ಒಂದು ಹೆಚ್ಚಿನ ತೊಡಕುಂಟು. ಸಭೆಯ ನೋಟೀಸು ಮರಾಠಿಯಲ್ಲಿ, ಚರ್ಚೆ ಮರಾಠಿಯಲ್ಲಿ, ಠರಾವು ಮರಾಠಿಯಲ್ಲಿ. ನಮ್ಮ ಗಂಡಸರು ಪೇಟೆಯ ವ್ಯವಹಾರದಿಂದ ಮರಾಠಿ ಬಲ್ಲವರು. ಮನೆಯ ಹಿರಿಯ ಹೆಂಗಸರ ಮಾತು ಬೇರೆ. ಅಜ್ಜಿ “ಹೊಟ್ಟಿ ತೊಳಸತೈತಿ” ಎನ್ನುತ್ತಾಳೆ. ಜೊತೆಗೆ ಬಂದ ಮೊಮ್ಮಗ ಡಾಕ್ಟರರಿಗೆ “ಪೋಟ ದುಖತಯ” ಎನ್ನುತ್ತಾನೆ. ವಾಕರಿಕೆ ಹೊಟ್ಟೆನೋವಾಯಿತು, ಗುಳಿಗೆ ಅದಕ್ಕೇ ಬಂತು. ಹುಡುಗನ ತಪ್ಪಲ್ಲ, ಡಾಕ್ಟರರ ತಪ್ಪೂ ಅಲ್ಲ. ಇನ್ನು ಮೊಮ್ಮಗನ ಮುಂದೆ ಹೇಳಲಾಗದ ಹೆಂಗಸರ ಬೇನೆಗಳಂತೂ ಹೇಳದೆಯೇ ಮನೆಗೆ ಮರಳುತ್ತವೆ. ಕನ್ನಡ ಬಲ್ಲ ಒಬ್ಬ ನರ್ಸು ಅಥವಾ ಆಶಾ ಕಾರ್ಯಕರ್ತೆ ಅಲ್ಲಿದ್ದರೆ ಸಾಕಾಗುವ ಸಂಗತಿಯಿದು. ಆದರೆ ಈ ಕೊರತೆಯನ್ನು ಸಭೆಯಲ್ಲಿ ಯಾರೂ ಎತ್ತದಿದ್ದರೆ ಮೇಲಿನವರಿಗೆ ತಿಳಿಯುವುದಾದರೂ ಹೇಗೆ?

ಎರಡನೆಯದು ನೆರೆ. ಕೃಷ್ಣಾ-ಪಂಚಗಂಗೆಯರ ಸಂಗಮ ಪಕ್ಕದ ನರಸೋಬಾವಾಡಿಯಲ್ಲಿ. 2005, 2019, 2021ರ ಮಹಾಪೂರಗಳಲ್ಲಿ ಈ ಭಾಗ ಪಟ್ಟ ಪಾಡು ಎಲ್ಲರೂ ಬಲ್ಲದ್ದೇ. ರಸ್ತೆ ಮುಳುಗಿದ ಮೇಲೆ ದಿನ ತುಂಬಿದ ಬಸುರಿಯನ್ನು, ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗಬೇಕಾದವರನ್ನು ಎಲ್ಲಿಗೆ, ಹೇಗೆ ಒಯ್ಯುವುದು? ಇದನ್ನು ಯೋಚಿಸಬೇಕಾದುದು ಮೇ ತಿಂಗಳಲ್ಲಿ; ನೀರು ಅಂಗಳಕ್ಕೆ ಬಂದ ಮೇಲಲ್ಲ.

ಆಸ್ಪತ್ರೆಗಳ ಆಡಳಿತ ಬದಲಾಗುತ್ತಲೇ ಇರುತ್ತದೆ. ಇಚಲಕರಂಜಿಯ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಮೊದಲು ನಗರಪರಿಷತ್ತಿನದಾಗಿತ್ತು. ಆಮೇಲೆ ರಾಜ್ಯ ಸರಕಾರದ ವಶಕ್ಕೆ ಹೋಯಿತು. 2023ರಲ್ಲಿ ಮಹಾರಾಷ್ಟ್ರ ಸರಕಾರವು ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಊರುಗಳಿಗೆ ವಿಸ್ತರಿಸಲು ಹೊರಟಿತು. ಕರ್ನಾಟಕ ಸರಕಾರ ಆಕ್ಷೇಪಿಸಿತು. ಎರಡೂ ಕಡೆಯ ವಾದಗಳನ್ನು ಪತ್ರಿಕೆಗಳಲ್ಲಿ ಓದಿದೆವು; ರೋಗಿಯನ್ನು ಯಾರಾದರೂ ಕೇಳಿದರೆಂದು ಮಾತ್ರ ನಾವು ಓದಲಿಲ್ಲ. ರೋಗಿಗೆ ಗಡಿಯ ಗೊಡವೆಯಿಲ್ಲ. 1894ರಲ್ಲಿ ಡಾ. ವಾನ್‌ಲೆಸ್ ಅವರು ಮಿರಜಿನಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಅತ್ತಣ ಕನ್ನಡಿಗರೂ ಇತ್ತಣ ಮರಾಠಿಗರೂ ಅಲ್ಲಿ ಒಂದೇ ಬಾಕಿನ ಮೇಲೆ ಕುಳಿತು ಸರದಿ ಕಾದಿದ್ದಾರೆ.

ನಮಗೆ ಆಧಾರವಿಲ್ಲದಿಲ್ಲ. ಸಂವಿಧಾನದ 350ನೆಯ ಅನುಚ್ಛೇದದಂತೆ ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಪ್ರಜೆಯು ತನ್ನ ಅಹವಾಲನ್ನು ಸಲ್ಲಿಸಬಹುದು. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ಕ್ಕೆ ಕಡಿಮೆಯಿಲ್ಲದಿರುವಲ್ಲಿ ಮುಖ್ಯ ನಿಯಮಗಳನ್ನೂ ನೋಟೀಸುಗಳನ್ನೂ ಅವರ ಭಾಷೆಯಲ್ಲಿ ಪ್ರಕಟಿಸಬೇಕೆಂಬ ಒಪ್ಪಿತ ರಕ್ಷಣೆಯೂ ಇದೆ. ಇದನ್ನು ಜಗಳಕ್ಕಾಗಿ ಬಳಸಬೇಕೆಂದು ನಾವು ಹೇಳುವುದಿಲ್ಲ. ನೆರೆಯ ಮರಾಠಿ ಮನೆಗಳಿಗೂ ಬೇಕಾದುದು ಅದೇ ಆಂಬ್ಯುಲನ್ಸು, ಅದೇ ಔಷಧ.

ಗ್ರಾಮಸಭೆಗೆ ಮೊದಲು ಮಹಿಳೆಯರ ಸಭೆ ನಡೆಯಬೇಕೆಂದು ಮಹಾರಾಷ್ಟ್ರದ ಕಾಯದೆಯಲ್ಲಿಯೇ ಇದೆ. ತಾಯಂದಿರು ಆ ಸಭೆಗೆ ಹೋಗಬೇಕು. ಕಬ್ಬಿನ ಕಟಾವಿನ ದಿನಗಳಲ್ಲಿ ನಡುಹಗಲಿಗೆ ಕರೆದರೆ ಸಂಜೆಗಿಡಿರೆಂದು ಕೇಳಬೇಕು. ತರಗತಿಯಲ್ಲಿ ಕೈಯೆತ್ತದ ಹುಡುಗನಿಗೂ ಎಷ್ಟೋ ಸಲ ಉತ್ತರ ಗೊತ್ತಿರುತ್ತದೆ. ಅಂಥವನಿಗೆ ನಾವು ಪಾಟಿಯ ಮೇಲೆ ಬರೆದು ತೋರಿಸೆನ್ನುತ್ತೇವೆ. ಎದ್ದುನಿಂತು ಮಾತಾಡಲು ಸಂಕೋಚವಾದರೆ ಕಾಗದದ ಮೇಲೆ ಬರೆದುಕೊಡಿರಿ, ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಪಟ್ಟಣದಲ್ಲಿರುವವರಿಗೆ ಗ್ರಾಮಸಭೆಯಿಲ್ಲ, ಅವರು ತಮ್ಮ ವಾರ್ಡಿನ ನಗರಸೇವಕರ ಮೂಲಕ ನಗರಪರಿಷತ್ತಿಗೆ ಅರ್ಜಿ ಕೊಡಬಹುದು. ಎಲ್ಲಿ ಕೊಟ್ಟರೂ ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖು ಸಹಿತ ಶಿಕ್ಕಾ ಹಾಕಿಸಿಕೊಂಡು ಮನೆಯಲ್ಲಿಡಿರಿ.