ಏಕಕಾಲಿಕ ಸಮೀಕರಣಗಳು ಮತ್ತು ಶುಲ್ಕ ರಸೀದಿಯ ಪರಿಶೀಲನೆ

ಒಂದೇ ರಸೀದಿಯಲ್ಲಿ ಎರಡು ಬಾಬ್ತಿನ ಶುಲ್ಕವನ್ನು ಒಟ್ಟುಗೂಡಿಸಿ ನಮೂದಿಸಿದಾಗ, ಪ್ರತಿ ಬಾಬ್ತಿನ ದರವೆಷ್ಟೆಂಬುದು ಅರ್ಜಿದಾರರಿಗೆ ತಿಳಿಯುವುದಿಲ್ಲ. ಇಂತಹ ಸಂದರ್ಭದಲ್ಲಿ ಏಕಕಾಲಿಕ ಸಮೀಕರಣಗಳು ನೆರವಾಗುತ್ತವೆ. ಎರಡು ಅಜ್ಞಾತ ಪರಿಮಾಣಗಳನ್ನು ಕಂಡುಹಿಡಿಯಲು ಒಂದು ಸಮೀಕರಣ ಸಾಲದು. ಪರಸ್ಪರ ಸ್ವತಂತ್ರವಾದ ಎರಡು ಸಮೀಕರಣಗಳು ಅಗತ್ಯ.

ಈ ಗಣಿತವು ಕನ್ನಡ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥದಲ್ಲಿ ಹೀಗೊಂದು ಲೆಕ್ಕವಿದೆ: 9 ಮಾದಲ ಹಾಗೂ 7 ಬೇಲದ ಹಣ್ಣುಗಳ ಬೆಲೆ 107, 7 ಮಾದಲ ಹಾಗೂ 9 ಬೇಲದ ಹಣ್ಣುಗಳ ಬೆಲೆ 101. ಮಾದಲಕ್ಕೆ 8, ಬೇಲಕ್ಕೆ 5 ಎಂಬುದು ಉತ್ತರ.

ಇದೇ ಕ್ರಮವನ್ನು ರಸೀದಿಗೂ ಅನ್ವಯಿಸಬಹುದು. ಉದಾಹರಣೆಗಾಗಿ ಮಾತ್ರ, ದಾಖಲೆಯ ನಕಲಿಗೆ ನಿಗದಿತ ಹುಡುಕಾಟ ಶುಲ್ಕ 'ಕ' ಹಾಗೂ ಪುಟವೊಂದಕ್ಕೆ ಶುಲ್ಕ 'ಪ' ಇವೆಯೆಂದು ಭಾವಿಸತಕ್ಕದ್ದು. 6 ಪುಟಗಳಿಗೆ ರೂ. 55/-, 10 ಪುಟಗಳಿಗೆ ರೂ. 75/- ಪಾವತಿಸಲಾಗಿದೆ.

ಕ + 6ಪ = 55
ಕ + 10ಪ = 75

ಎರಡನೆಯದರಿಂದ ಮೊದಲನೆಯದನ್ನು ಕಳೆದಾಗ 'ಕ' ವರ್ಜಿತವಾಗಿ, 4ಪ = 20 ಎಂದಾಗುತ್ತದೆ. ಆದ್ದರಿಂದ ಪ = 5. ಇದನ್ನು ಮೊದಲ ಸಮೀಕರಣದಲ್ಲಿ ಆದೇಶಿಸಿದಾಗ ಕ = 25. ಇದರಂತೆ 8 ಪುಟಗಳಿಗೆ ರೂ. 65/- ಆಗತಕ್ಕದ್ದು.

ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

1. ಎರಡೂ ರಸೀದಿಗಳು 6 ಪುಟಗಳಿಗೆ ರೂ. 55/- ಎಂದೇ ಇದ್ದಲ್ಲಿ, ಎರಡನೆಯದು ಹೊಸ ಮಾಹಿತಿ ನೀಡುವುದಿಲ್ಲ. ದರಗಳನ್ನು ನಿರ್ಧರಿಸಲಾಗದು.

2. 6 ಪುಟಗಳಿಗೆ ಒಮ್ಮೆ ರೂ. 55/-, ಇನ್ನೊಮ್ಮೆ ರೂ. 60/- ಎಂದಿದ್ದಲ್ಲಿ, ಎರಡಕ್ಕೂ ಹೊಂದುವ ಪರಿಹಾರವೇ ಇಲ್ಲ. ದರ ಪರಿಷ್ಕರಣೆಯಾಗಿರಬಹುದು, ಬೇರೊಂದು ಬಾಬ್ತು ಸೇರಿರಬಹುದು ಅಥವಾ ಲೆಕ್ಕದಲ್ಲಿ ತಪ್ಪಾಗಿರಬಹುದು. ಕಾರಣವನ್ನು ಸಮೀಕರಣವು ಹೇಳದು. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ತೋರಿಸಿಕೊಡುತ್ತದೆ.

3. ಇಂತಹ ವ್ಯತ್ಯಾಸ ಕಂಡುಬಂದಲ್ಲಿ, ರಸೀದಿಗಳ ಪ್ರತಿಯೊಂದಿಗೆ ಬಾಬ್ತುವಾರು ವಿವರವನ್ನು ಲಿಖಿತವಾಗಿ ಕೋರಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಲ್ಲಿಸಿದ ಅರ್ಜಿಗೆ ಹೆಚ್ಚಿನ ಶುಲ್ಕ ಕೇಳುವಾಗ, ಪ್ರಕರಣ 7(3)ರ ಪ್ರಕಾರ ಆ ಮೊತ್ತದ ಲೆಕ್ಕಾಚಾರವನ್ನೂ ಅರ್ಜಿದಾರರಿಗೆ ತಿಳಿಸಬೇಕಾಗುತ್ತದೆ.

ಆದುದರಿಂದ ಪ್ರತಿಯೊಂದು ರಸೀದಿಯನ್ನೂ ಜೋಪಾನವಾಗಿ ಇರಿಸಿಕೊಳ್ಳುವುದು ಸೂಕ್ತ.