ಶಿಲುಬೆಯ ಕೆಳಗೊಂದು ಜಗಳ



ಜಗಳವೇ ಕಾಣದ ಮನೆ ಯಾವುದಿದೆ? ಬೇಲಿಯ ವಿಷಯಕ್ಕೆ ಅಣ್ಣತಮ್ಮಂದಿರು, ಚುನಾವಣೆಯ ವಿಷಯಕ್ಕೆ ನೆರೆಹೊರೆಯವರು, ಹಬ್ಬದ ಲೆಕ್ಕಪತ್ರದ ವಿಷಯಕ್ಕೆ ಒಂದೇ ಧರ್ಮಕೇಂದ್ರದ ಹಿರಿಯರು ಮಾತು ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಒಂದೇ ಬಲಿಪೂಜೆಗೆ ಬಂದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಭಿನ್ನಾಭಿಪ್ರಾಯ ಇಟ್ಟುಕೊಂಡೇ ಪರಸ್ಪರ ಪ್ರೀತಿಸಲು ಸಾಧ್ಯವೇ? ಈ ಪ್ರಶ್ನೆಯನ್ನು ನಮ್ಮನ್ನು ನಗಿಸುತ್ತಲೇ ಕೇಳುವ ಒಂದು ಹಳೆಯ ಇಟಾಲಿಯನ್ ಚಲನಚಿತ್ರವಿದೆ. 1952ರಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ಡಾನ್ ಕಮಿಲ್ಲೊ’.

‘ಡಾನ್’ ಎಂದೊಡನೆ ನಮಗೆ ಭೂಗತ ಲೋಕ ನೆನಪಾಗಬಹುದು. ಆದರೆ ಇಟಲಿಯಲ್ಲಿ ಅದು ಗುರುಗಳನ್ನು ಗೌರವದಿಂದ ಕರೆಯುವ ಮಾತು, ನಾವು ‘ಫಾದರ್’ ಅಥವಾ ‘ಸ್ವಾಮಿ’ ಎನ್ನುವಂತೆ. ಉತ್ತರ ಇಟಲಿಯ ಪೊ ನದಿಯ ಬಯಲಿನಲ್ಲಿರುವ ಒಂದು ಸಣ್ಣ ಊರಿನ ಗುರು ಕಮಿಲ್ಲೊ. ಆಳು ದೊಡ್ಡದು, ಕೈ ಇನ್ನೂ ದೊಡ್ಡದು, ಕೋಪವಂತೂ ಮೂಗಿನ ತುದಿಯಲ್ಲೇ. ಅವರ ಎದುರಾಳಿ ಪೆಪ್ಪೋನೆ. ಕಸುಬಿನಲ್ಲಿ ಮೆಕ್ಯಾನಿಕ್, ಪಕ್ಷದಲ್ಲಿ ಕಮ್ಯುನಿಸ್ಟ್, ಊರಿಗೆ ಮೇಯರ್. ಯುದ್ಧಕಾಲದಲ್ಲಿ ಇಬ್ಬರೂ ಒಂದೇ ಕಡೆ ನಿಂತವರು. ಯುದ್ಧ ಮುಗಿದ ಮೇಲೆ ಊರಿನ ಎರಡು ಬಣಗಳಿಗೆ ಇಬ್ಬರು ನಾಯಕರು. ಪೆಪ್ಪೋನೆ ಗೆಲುವಿನ ಭಾಷಣ ಮಾಡಿದರೆ ಕಮಿಲ್ಲೊ ದೇವಾಲಯದ ಗಂಟೆ ಬಾರಿಸಿ ಆ ಭಾಷಣವನ್ನು ಮುಳುಗಿಸುತ್ತಾರೆ!

ಈ ಕಥೆಗಳನ್ನು ಬರೆದವರು ಪತ್ರಕರ್ತ ಜೊವಾನ್ನಿನೊ ಗ್ವಾರೆಸ್ಕಿ. 1908ರಲ್ಲಿ ಅದೇ ಬಯಲು ಸೀಮೆಯಲ್ಲಿ ಹುಟ್ಟಿದ ಅವರು 1943ರಿಂದ 1945ರವರೆಗೆ ಜರ್ಮನ್ನರ ಸೆರೆಶಿಬಿರಗಳಲ್ಲಿ ನರಳಿದವರು. ಹಿಂದಿರುಗಿ ಬಂದು ‘ಕಾಂದಿದೊ’ ಎಂಬ ಹಾಸ್ಯ ವಾರಪತ್ರಿಕೆ ಆರಂಭಿಸಿ, ಅದರಲ್ಲಿ ಈ ಗುರು ಮತ್ತು ಮೇಯರರ ಕಥೆಗಳನ್ನು ಬಿಡಿಬಿಡಿಯಾಗಿ ಬರೆದರು. 1948ರಲ್ಲಿ ಅವು ಪುಸ್ತಕವಾದವು. ಆ ಪುಸ್ತಕವನ್ನು ತೆರೆಗೆ ತಂದವರು ಫ್ರೆಂಚ್ ನಿರ್ದೇಶಕ ಜೂಲಿಯನ್ ದುವಿವಿಯೆ. ಫ್ರಾನ್ಸಿನ ಹೆಸರಾಂತ ಹಾಸ್ಯನಟ ಫೆರ್ನಾಂದೆಲ್ ಕಮಿಲ್ಲೊ ಆದರು. ಇಟಲಿಯ ಜೀನೊ ಚೆರ್ವಿ ಪೆಪ್ಪೋನೆ ಆದರು. 1965ರವರೆಗೆ ಈ ಜೋಡಿ ಒಟ್ಟು ಐದು ಚಿತ್ರಗಳಲ್ಲಿ ಜಗಳವಾಡಿತು.

ಆ ಕಾಲವನ್ನು ನೆನೆದರೆ ಮಾತ್ರ ಈ ನಗೆಯ ಬೆಲೆ ತಿಳಿಯುತ್ತದೆ. 1946ರ ಜೂನ್‌ನಲ್ಲಿ ಇಟಲಿಯ ಜನ ಮತ ಹಾಕಿ ಅರಸೊತ್ತಿಗೆಯನ್ನು ಕೊನೆಗೊಳಿಸಿದ್ದರು. 1948ರ ಏಪ್ರಿಲ್ ಚುನಾವಣೆ ಊರೂರನ್ನೇ ಒಡೆದಿತ್ತು. 1949ರ ಜುಲೈನಲ್ಲಿ, ಜಗದ್ಗುರು ಹನ್ನೆರಡನೆಯ ಪಿಯೂಸರ ಕಾಲದಲ್ಲಿ, ದೇವರನ್ನು ಅಲ್ಲಗಳೆಯುವ ಕಮ್ಯುನಿಸ್ಟ್ ಸಿದ್ಧಾಂತವನ್ನು ಒಪ್ಪಿ ಸಾರುವ ಕಥೋಲಿಕರು ಧರ್ಮಸಭೆಯಿಂದ ಬಹಿಷ್ಕೃತರು ಎಂಬ ಆಜ್ಞೆ ರೋಮಿನಿಂದ ಹೊರಟಿತ್ತು. ಒಂದೇ ಮನೆಯಲ್ಲಿ ತಾಯಿ ಜಪಸರ ಹಿಡಿದರೆ ಮಗ ಕೆಂಬಾವುಟ ಹಿಡಿಯುತ್ತಿದ್ದ. ಗ್ವಾರೆಸ್ಕಿಯೂ ನಡುವೆ ನಿಂತವರಲ್ಲ. ಅವರು ಕಮ್ಯುನಿಸಂನ ಕಟ್ಟಾ ವಿರೋಧಿ; 1948ರ ಚುನಾವಣೆಯಲ್ಲಿ ತಮ್ಮ ಲೇಖನಿ, ಕುಂಚಗಳಿಂದ ಅದರ ವಿರುದ್ಧ ಹೋರಾಡಿದವರು. ಅಂಥವರು ಪೆಪ್ಪೋನೆಯನ್ನು ದುಷ್ಟನನ್ನಾಗಿ ಬರೆಯಬಹುದಿತ್ತು. ಬರೆಯಲಿಲ್ಲ. ಅವನಿಗೆ ಒಳ್ಳೆಯ ಹೃದಯವನ್ನೇ ಕೊಟ್ಟರು.

ಮೂರು ಪ್ರಸಂಗಗಳನ್ನು ನೋಡೋಣ.

ಪೆಪ್ಪೋನೆಯ ಮಗುವಿಗೆ ಜ್ಞಾನಸ್ನಾನ ಆಗಬೇಕು. ಹೆಸರುಗಳಲ್ಲಿ ‘ಲೆನಿನ್’ ಎಂದೂ ಸೇರಿದೆ. ಕಮಿಲ್ಲೊ ಸಿಟ್ಟಿನಿಂದ ನಿರಾಕರಿಸುತ್ತಾರೆ. ಕಮ್ಯುನಿಸ್ಟನೊಬ್ಬ ಮಗುವನ್ನು ದೇವಾಲಯಕ್ಕೆ ತಂದದ್ದೇ ಒಂದು ವರ ಎಂಬುದು ಅವರಿಗೆ ಆ ಕ್ಷಣದಲ್ಲಿ ಹೊಳೆಯುವುದಿಲ್ಲ. ಪೀಠದ ಮೇಲಿನ ಶಿಲುಬೆಯಿಂದ ಯೇಸುಸ್ವಾಮಿ ಅವರನ್ನು ಗದರುತ್ತಾರೆ. ಆಮೇಲೆ ಗುರುವಿಗೂ ಮೇಯರನಿಗೂ ಕೈಕೈ ಮಿಲಾಯಿಸಿ, ಕೊನೆಗೆ ಮಗುವಿನ ಹೆಸರುಗಳ ಸಾಲಿಗೆ ‘ಕಮಿಲ್ಲೊ’ ಕೂಡ ಸೇರುತ್ತದೆ.

ಊರಿನ ಮುದಿ ಟೀಚರಮ್ಮ ಸಾಯುವ ಮುನ್ನ ಒಂದು ಆಸೆ ಹೇಳುತ್ತಾರೆ: ತನ್ನ ಶವಪೆಟ್ಟಿಗೆಯ ಮೇಲೆ ಅರಸರ ಬಾವುಟ ಹೊದಿಸಬೇಕು. ಅರಸರೇ ಹೋದ ಮೇಲೆ ಆ ಬಾವುಟಕ್ಕೆ ಜಾಗವೆಲ್ಲಿ? ಅದರಲ್ಲೂ ಕೆಂಪು ಪಕ್ಷದ ಆಡಳಿತದಲ್ಲಿ? ಆದರೆ ಪೆಪ್ಪೋನೆಗೆ ಅಕ್ಷರ ಕಲಿಸಿದವರು ಆ ತಾಯಿ. ಅವನು ಅವರ ಮಾತನ್ನು ನಡೆಸಿಕೊಡುತ್ತಾನೆ. ಸಿದ್ಧಾಂತಕ್ಕಿಂತ ಗುರುಋಣ ದೊಡ್ಡದಾಗುತ್ತದೆ.

ಇನ್ನೊಮ್ಮೆ ಕೃಷಿ ಕಾರ್ಮಿಕರ ಮುಷ್ಕರ. ನೋಡಿಕೊಳ್ಳುವವರಿಲ್ಲದೆ ಕೊಟ್ಟಿಗೆಯಲ್ಲಿ ಹಸುಗಳು ಒರಲುತ್ತಿವೆ. ಮುಷ್ಕರದ ನಾಯಕ ಪೆಪ್ಪೋನೆಯೂ ಗುರು ಕಮಿಲ್ಲೊ ಅವರೂ ಇರುಳಿನಲ್ಲಿ ಯಾರಿಗೂ ಕಾಣದಂತೆ ಹೋಗಿ ಆ ಮೂಕಪ್ರಾಣಿಗಳ ಆರೈಕೆ ಮಾಡುತ್ತಾರೆ. ಹಗಲಿನಲ್ಲಿ ವೈರಿಗಳು, ಇರುಳಿನಲ್ಲಿ ಜೊತೆಗಾರರು!

ಈ ಎಲ್ಲ ಜಗಳಗಳ ನಡುವೆ ಶಿಲುಬೆಯ ಯೇಸು ಮಾತನಾಡುತ್ತಾರೆ. ಇದು ದೈವದರ್ಶನವೇ? ಅಲ್ಲ. ತನ್ನ ಕಥೆಗಳಲ್ಲಿ ಮಾತನಾಡುವ ಕ್ರಿಸ್ತ ತನ್ನ ಮನಸ್ಸಾಕ್ಷಿಯ ದನಿ ಎಂದು ಗ್ವಾರೆಸ್ಕಿಯವರೇ ತಿಳಿಸಿದ್ದಾರೆ. ಆ ದನಿ ಎಂದೂ ಪೆಪ್ಪೋನೆಯನ್ನು ಬೈಯುವುದಿಲ್ಲ ಎಂಬುದನ್ನು ಗಮನಿಸಿ. ಬೈಗುಳ ಸಿಗುವುದು ದೂರು ಹೊತ್ತು ಬಂದ ಕಮಿಲ್ಲೊ ಅವರಿಗೆ. ಅವರು ವೈರಿಯ ತಪ್ಪುಗಳ ಪಟ್ಟಿ ಹಿಡಿದು ಬರುತ್ತಾರೆ. ತಮ್ಮ ತಪ್ಪುಗಳ ಪಟ್ಟಿ ಹಿಡಿದು ಹಿಂದಿರುಗುತ್ತಾರೆ. ನಾವೂ ಪ್ರಾರ್ಥನೆಯಲ್ಲಿ ಬೇರೆಯವರ ಮೇಲೆ ಎಷ್ಟು ದೂರು ಹೇಳುತ್ತೇವೆ! ಆದರೆ ಉತ್ತರ ಕೇಳಲು ಎಷ್ಟು ಹೊತ್ತು ಮೊಣಕಾಲೂರಿ ಇರುತ್ತೇವೆ?

ಕಮಿಲ್ಲೊ ಆದರ್ಶ ಗುರುವೇನಲ್ಲ. ಕೈ ಎತ್ತುವುದು ಅವರ ದೌರ್ಬಲ್ಯ. ಪೆಪ್ಪೋನೆಯ ಸಿದ್ಧಾಂತ ಸರಿಯೆಂದೂ ಚಿತ್ರ ಹೇಳುವುದಿಲ್ಲ; ಗುರುಗಳು ತಮ್ಮ ವಿಶ್ವಾಸವನ್ನು ಒಂದು ಎಳೆಯಷ್ಟೂ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಡುವುದು ಹಟವನ್ನು ಮಾತ್ರ. ಶುಭಸಂದೇಶ ಕೇಳುವುದೂ ಇದನ್ನೇ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ರಾಜಿಯಾಗು ಎಂದ ಪ್ರಭು, ಸೋದರ ನಿನ್ನ ಅಭಿಪ್ರಾಯವನ್ನು ಒಪ್ಪಿದ ಮೇಲೆ ಹೋಗು ಎನ್ನಲಿಲ್ಲ.

ಚಿತ್ರದ ಕೊನೆ ಮರೆಯಲಾಗದ್ದು. ಗಲಾಟೆ ಮಿತಿಮೀರಿದಾಗ ಧರ್ಮಾಧ್ಯಕ್ಷರು ಕಮಿಲ್ಲೊ ಅವರನ್ನು ಊರಿನಿಂದ ದೂರ ಕಳುಹಿಸುತ್ತಾರೆ. ಪೆಪ್ಪೋನೆಯ ಬೆದರಿಕೆಗೆ ಹೆದರಿ ಊರಿನ ನಿಲ್ದಾಣಕ್ಕೆ ಒಬ್ಬರೂ ಬರುವುದಿಲ್ಲ. ಭಾರವಾದ ಮನಸ್ಸಿನಿಂದ ಗುರುಗಳು ರೈಲು ಹತ್ತುತ್ತಾರೆ. ಮುಂದಿನ ನಿಲ್ದಾಣದಲ್ಲಿ ನೋಡಿದರೆ, ಭಕ್ತಾದಿಗಳೆಲ್ಲ ಕಾಣಿಕೆ ಹಿಡಿದು ಕಾದಿದ್ದಾರೆ! ಅದರ ಮುಂದಿನ ನಿಲ್ದಾಣದಲ್ಲಿ? ಪೆಪ್ಪೋನೆ ಮತ್ತು ಅವನ ಸಂಗಾತಿಗಳು! ವಿದಾಯ ಹೇಳಲು ಬಂದವರು ಅವರು.

ಜಗದ್ಗುರು ಫ್ರಾನ್ಸಿಸ್ ಅವರು 2015ರ ನವೆಂಬರ್ 10ರಂದು ಫ್ಲಾರೆನ್ಸಿನಲ್ಲಿ ಇಟಲಿಯ ಧರ್ಮಸಭೆಯನ್ನು ಉದ್ದೇಶಿಸಿ ಮಾತನಾಡುತ್ತ ಈ ಕಮಿಲ್ಲೊ ಅವರನ್ನು ನೆನೆದರು. ಒಳ್ಳೆಯ ಗುರುವಿನ ಪ್ರಾರ್ಥನೆಯೂ ಜನರೊಡನೆ ಅವನ ಒಡನಾಟವೂ ಅಲ್ಲಿ ಒಂದಾಗಿರುವುದು ತಮ್ಮ ಮನಸ್ಸನ್ನು ತಟ್ಟುತ್ತದೆ ಎಂದರು. ಚಿತ್ರೀಕರಣ ನಡೆದ ಬ್ರೆಶೆಲ್ಲೊ ಊರಿನ ಚೌಕದಲ್ಲಿ ಇಂದು ಗುರು ಮತ್ತು ಮೇಯರ್ ಇಬ್ಬರ ಪ್ರತಿಮೆಗಳೂ ಇವೆ. ಚಿತ್ರಕ್ಕಾಗಿ ಮಾಡಿದ ಶಿಲುಬೆ ಅಲ್ಲಿನ ದೇವಾಲಯದಲ್ಲಿದೆ.

ಪ್ರಿಯರೇ, ನಮ್ಮ ಮನೆಗಳಲ್ಲೂ ಶಿಲುಬೆ ಇದೆ. ಮಾತು ಬಿಟ್ಟ ಅಣ್ಣ, ಮುಖ ತಿರುಗಿಸಿದ ನೆರೆಯವರು ನಮಗೂ ಇದ್ದಾರೆ. ಈ ಬಾರಿ ಅವರ ಮೇಲೆ ದೂರು ಹೇಳಿದ ಮೇಲೆ ಎದ್ದುಬಿಡದೆ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕೇಳೋಣ. ಬಳಿಕ ಎದ್ದು, ಅವರ ಬಾಗಿಲು ತಟ್ಟೋಣ.